ಹೆಸರು ಮತ್ತು ಹೆಸರುಕಾಳು

ಒಂದೇ ಸುದ್ದಿಯೊಳಗೆ ಎರಡು ಮಾತುಗಳು ಅಕ್ಕಪಕ್ಕ ಕುಳಿತೂ ಒಂದನ್ನೊಂದು ಮಾತಾಡಿಸದೆ ಇದ್ದುದನ್ನು 2025ರ ಜೂನ್ ತಿಂಗಳಲ್ಲಿ ಕಂಡೆ. ಒಂದು ಮಾತು 'ಖಾಸಗಿ ಬಾಹ್ಯಾಕಾಶ ಯಾನ', ಇನ್ನೊಂದು 'ದೇಶದ ಹೆಮ್ಮೆ'. ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಆಕ್ಸಿಯಮ್-4 ಎಂಬ ಯಾನದಲ್ಲಿ ಜೂನ್ 25ರಂದು ಅಮೆರಿಕದ ಫ್ಲಾರಿಡಾದಿಂದ ಹೊರಟು, ಮರುದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿ, ಅಲ್ಲಿ ಹದಿನೆಂಟು ದಿನ ಇದ್ದು, ಜುಲೈ 15ರಂದು ಕ್ಯಾಲಿಫೋರ್ನಿಯಾದ ಕಡಲಿಗೆ ಇಳಿದರು. ರಾಕೇಶ್ ಶರ್ಮಾ ಅವರ ನಂತರ ನಲವತ್ತೊಂದು ವರ್ಷಕ್ಕೆ ಹೋದ ಎರಡನೆಯ ಭಾರತೀಯ. ಸಂತೋಷದ ಸಂಗತಿಯೇ. ನನ್ನ ತಕರಾರು ಯಾನದ ಮೇಲಲ್ಲ, ಹೋದವರ ಮೇಲಂತೂ ಅಲ್ಲವೇ ಅಲ್ಲ. ನಾವು ಅದನ್ನು ಹೇಳಿಕೊಂಡ ರೀತಿಯ ಮೇಲೆ. ಕನ್ನಡ ಕಲಿಸಿ ಹೊಟ್ಟೆ ಹೊರೆದವಳು ನಾನು. ಮಾತು ತಪ್ಪಿದ ಕಡೆ ಕೆಂಪು ಶಾಯಿಯ ಪೆನ್ನು ತಾನಾಗಿ ಕೈಗೆ ಬರುತ್ತದೆ.

ಮೊದಲು 'ಖಾಸಗಿ' ಎಂಬ ಮಾತನ್ನೇ ನೋಡೋಣ. ಆಕ್ಸಿಯಮ್ ಎಂದರೇನು ಎಂಬುದನ್ನು ನಮ್ಮ ಇಂಡಿಯ ಕಡೆಯವರಿಗೆ ತಿಳಿಸಿ ಹೇಳುವುದು ಕಷ್ಟವಲ್ಲ. ಇದು ಲಿಂಬೆಯ ಸೀಮೆ. 2023ರಲ್ಲಿ ಇಂಡಿ ಲಿಂಬೆಗೆ ಜಿ.ಐ. ಮಾನ್ಯತೆಯೂ ಬಂತು. ಇಲ್ಲಿ ಗಿಡ ರೈತನದು, ಲಾರಿ ಇನ್ನೊಬ್ಬನದು, ಮಾರುಕಟ್ಟೆಯ ಜಾಗ ಮತ್ತೊಬ್ಬರದು. ನಡುವೆ ಅಡತಿಯವನು ಕುಳಿತು ಎಲ್ಲರನ್ನೂ ಕೂಡಿಸಿ ವ್ಯವಹಾರ ಕುದುರಿಸುತ್ತಾನೆ. ಆಕ್ಸಿಯಮ್ ಕೂಡ ಸದ್ಯಕ್ಕೆ ಅಂಥದೇ ಒಂದು ಅಡತಿ ಅಂಗಡಿ. ನಾಸಾದಲ್ಲಿ ಇದೇ ನಿಲ್ದಾಣದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮೈಕೆಲ್ ಸಫ್ರೆಡಿನಿ ಎಂಬವರು ಜೊತೆಗಾರರೊಬ್ಬರೊಡನೆ ಕೂಡಿ 2016ರಲ್ಲಿ ಹೂಸ್ಟನ್ನಿನಲ್ಲಿ ಅದನ್ನು ತೆರೆದರು. ರಾಕೆಟ್ಟೂ ನೌಕೆಯೂ ಸ್ಪೇಸ್‌ಎಕ್ಸ್ ಕಂಪನಿಯವು. ತಂಗುವ ನಿಲ್ದಾಣ ಅಮೆರಿಕ, ರಷ್ಯಾ, ಯುರೋಪ್, ಜಪಾನ್, ಕೆನಡಾಗಳು ಸೇರಿ ಕಟ್ಟಿದ್ದು. ಆಕ್ಸಿಯಮ್ ಮಾಡುವುದು ತರಬೇತಿ, ಕರಾರು, ಏರ್ಪಾಟು. ಮುಂದೆ ತನ್ನದೇ ನಿಲ್ದಾಣ ಕಟ್ಟುವ ಆಸೆಯೂ ಅದಕ್ಕಿದೆ.

ಈ ಅಂಗಡಿಗೆ ಬಂದ ಗಿರಾಕಿಗಳು ಯಾರು ಎಂದು ಒಂದೊಂದೇ ಯಾನ ಹಿಡಿದು ನೋಡಿದರೆ ಸೋಜಿಗ ಅನ್ನಿಸುತ್ತದೆ. ರೊಕ್ಕ ಕೊಟ್ಟು ಮೇಲೆ ಹೋದವರಲ್ಲಿ ಹೆಸರಾದವರು ಅಮೆರಿಕದ ಡೆನ್ನಿಸ್ ಟಿಟೋ; 2001ರಲ್ಲಿ ಎರಡು ಕೋಟಿ ಡಾಲರ್ ತೆತ್ತು ರಷ್ಯಾದ ಸೊಯೂಜ್ ನೌಕೆಯಲ್ಲಿ ಹೋದರು. 2022ರ ಏಪ್ರಿಲ್‌ನಲ್ಲಿ ಆಕ್ಸಿಯಮ್ಮಿನ ಮೊದಲ ಯಾನ ನಡೆದಾಗಲೂ ಹೋದವರು ಮೂವರು ಸಿರಿವಂತರು. ತಲೆಗೆ ಐದೂವರೆ ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಆದರೆ ಎರಡನೆಯ ಯಾನದಲ್ಲಿ ಸೌದಿ ಅರೇಬಿಯಾ ಸರಕಾರ ಕಳಿಸಿದ ಇಬ್ಬರು ಇದ್ದರು. 2024ರ ಜನವರಿಯ ಮೂರನೆಯದರಲ್ಲಿ ಇಟಲಿ, ತುರ್ಕಿ, ಸ್ವೀಡನ್ನುಗಳಿಂದ ಒಬ್ಬೊಬ್ಬರು. ನಾಲ್ಕನೆಯದರಲ್ಲಿ ಭಾರತ, ಪೋಲೆಂಡ್, ಹಂಗೆರಿ. ಮೂರೂ ಸೀಟು ಸರಕಾರಗಳದೇ ಕೊಳ್ಳಿಕೆ. ಶ್ರೀಮಂತರ ಮೋಜಿಗೆಂದು ತೆರೆದ ಅಂಗಡಿ ನಾಲ್ಕು ವರ್ಷದೊಳಗೆ ಸರಕಾರಗಳ ಅಂಗಡಿಯಾಯಿತು ಎಂದಾಯಿತು. ಮಾರುವವನು ಖಾಸಗಿ, ಕೊಳ್ಳುವವರು ನೀವು ಮತ್ತು ನಾನು. ಹೀಗಿರುವಾಗ ಬರೀ 'ಖಾಸಗಿ ಯಾನ' ಎಂದು ಬರೆದು ಕೈತೊಳೆದುಕೊಂಡರೆ ಅರ್ಧ ಮಾತು ನುಂಗಿದಂತೆ. ಖಾಸಗಿ ಎಂದೊಡನೆ ನಾವು ಲೆಕ್ಕ ಕೇಳುವುದನ್ನು ಬಿಡುತ್ತೇವೆ: ಅದು ಅವರ ಮನೆಯ ವಿಷಯ, ನಮಗೇಕೆ ಎಂಬ ಭಾವ. ಇಲ್ಲಿ ಮಾತ್ರ ಅದು ನಮ್ಮ ಮನೆಯದೇ ವಿಷಯವಾಗಿತ್ತು.

ಪೋಲೆಂಡ್, ಹಂಗೆರಿ, ಭಾರತ, ಈ ಮೂರೂ ದೇಶಗಳ ಕತೆಯಲ್ಲಿ ಇನ್ನೊಂದು ಸಾಮ್ಯವಿದೆ. ಮೂರೂ ತಮ್ಮ ಮೊದಲ ಯಾತ್ರಿಕನನ್ನು ಸೋವಿಯತ್ ದೇಶದ ಸ್ನೇಹದಿಂದ ಕಳಿಸಿದವು: 1978ರಲ್ಲಿ ಪೋಲೆಂಡಿನವರು, 1980ರಲ್ಲಿ ಹಂಗೆರಿಯವರು, 1984ರ ಏಪ್ರಿಲ್ 3ರಂದು ನಮ್ಮ ರಾಕೇಶ್ ಶರ್ಮಾ. ಅದು ಕರೆದು ಕೊಟ್ಟ ಸೀಟು. ಕರೆದವರಿಗೂ ಅದರಲ್ಲಿ ತಮ್ಮದೊಂದು ರಾಜಕೀಯ ಲೆಕ್ಕವಿತ್ತು, ಪುಕ್ಕಟೆ ಎಂಬುದು ಈ ಲೋಕದಲ್ಲಿ ಇಲ್ಲ. ಇದು ಕೊಂಡ ಸೀಟು. ಕೊಂಡದ್ದರಲ್ಲಿ ನಾಚಿಕೆಪಡುವಂಥದೇನೂ ನನಗೆ ಕಾಣುವುದಿಲ್ಲ. ನಿಜ ಹೇಳಬೇಕೆಂದರೆ ಕೊಡುಗೆಗಿಂತ ಕೊಳ್ಳಿಕೆಯೇ ಮೇಲು. ಕೊಂಡವನಿಗೆ ತೂಕ ನೋಡುವ, ಚೌಕಾಸಿ ಮಾಡುವ, ಕೊಳೆತ ಹಣ್ಣು ತೆಗೆದಿಡು ಎನ್ನುವ ಹಕ್ಕಿರುತ್ತದೆ. ಆ ಹಕ್ಕನ್ನು ನಮ್ಮವರು ಚಲಾಯಿಸಿಯೂ ಚಲಾಯಿಸಿದರು. ಆ ಸಂಗತಿಗೆ ಮುಂದೆ ಬರುತ್ತೇನೆ.

ಮಾತಿನ ವಿಷಯ ಬಂದಾಗ ಇನ್ನೊಂದು. ನಮ್ಮ ಪತ್ರಿಕೆಗಳ ಕನ್ನಡದಲ್ಲಿ ಟಿಟೋ 'ಬಾಹ್ಯಾಕಾಶ ಪ್ರವಾಸಿ', ಶುಕ್ಲಾ 'ಗಗನಯಾತ್ರಿ'. ಪ್ರವಾಸಕ್ಕೂ ಯಾತ್ರೆಗೂ ಇರುವ ಅಂತರ ನಮ್ಮ ಹಳ್ಳಿಯ ಮುದುಕಿಗೂ ಗೊತ್ತು. ಗೋವಾಕ್ಕೆ ಹೋದರೆ ಪ್ರವಾಸ, ಶ್ರೀಶೈಲಕ್ಕೆ ಪಾದಯಾತ್ರೆ ಹೊರಟರೆ ಯಾತ್ರೆ. ಇಬ್ಬರೂ ಟಿಕೇಟು ತೆಗೆದೇ ಹೋದವರಾದ್ದರಿಂದ ಟಿಕೇಟಿನಿಂದ ಈ ವ್ಯತ್ಯಾಸ ಹುಟ್ಟಲಿಲ್ಲ. ಅಲ್ಲಿ ಹೋಗಿ ಮಾಡಿದ ಕೆಲಸದಿಂದ ಹುಟ್ಟಬೇಕು. ಶುಕ್ಲಾ ಅವರು ಆ ನೌಕೆಯ ಪೈಲಟ್. ಭಾರತದ ಏಳು ಪ್ರಯೋಗಗಳ ಹೊಣೆ ಹೊತ್ತು ಹೋದವರು. ಆದರೆ ಆ ಕೆಲಸವನ್ನು ಜನಕ್ಕೆ ಹೇಳದೆ ಬರೀ ಬಿರುದನ್ನು ಹೇಳಿದರೆ ಪ್ರವಾಸಿಗೂ ಯಾತ್ರಿಗೂ ಏನು ವ್ಯತ್ಯಾಸ ಉಳಿಯಿತು?

ಹೇಳಿದ್ದಾದರೂ ಏನು? ಸಂಜೆ ಟಿವಿ ಮುಂದೆ ಕುಳಿತು ನಾನು ಕಂಡದ್ದು ಹೆಗಲ ಮೇಲಿನ ಧ್ವಜ, ತಾಯಿಯ ಕಣ್ಣೀರು, ಮತ್ತೆ ಹಲ್ವಾ. ಜೂನ್ 28ರಂದು ಪ್ರಧಾನಿಯವರು ಮಾತಾಡಿಸಿದಾಗ ಗಜ್ಜರಿ ಹಲ್ವಾ ಜೊತೆಯವರಿಗೆ ಹಂಚಿದಿರಾ ಎಂದು ಕೇಳಿದರು. ಗಜ್ಜರಿ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ರಸ ತಂದಿದ್ದೇನೆ, ಎಲ್ಲರೂ ಕೂಡಿ ತಿಂದೆವು ಎಂದು ಅವರು ಹೇಳಿದರು. ಆತ್ಮೀಯವಾದ ಮಾತೇ, ಪರ ಊರಿಗೆ ಹೋದ ಮಗನಿಗೆ ಉಂಡೆಯಾ ಎಂದು ಕೇಳುವುದು ನಮ್ಮ ರೂಢಿ. ಆದರೆ ಮರುದಿನವೂ ಅದೇ ಹಲ್ವಾ, ಅದರ ಮರುದಿನವೂ ಅದೇ. ಹಲ್ವಾದ ಹೆಸರುಬೇಳೆಯ ಜೊತೆಗೆ ಇನ್ನೊಂದು ಹೆಸರೂ ಅದೇ ನೌಕೆಯಲ್ಲಿ ಮೇಲೆ ಹೋಗಿತ್ತು. ಅದು ಧಾರವಾಡದ್ದು. ಅದರ ಹೆಸರನ್ನು ಯಾರೂ ಎತ್ತಲಿಲ್ಲ ಎಂದರೆ ಅತಿಯಾದೀತು, ಒಳಪುಟಗಳಲ್ಲಿ ಬಂತು. ಹಲ್ವಾ ಮಾತ್ರ ಮುಖಪುಟದಲ್ಲಿ ಕುಳಿತಿತ್ತು.

ಆ ಧಾರವಾಡದ ಗಂಟನ್ನು ಇಲ್ಲಿ ಸ್ವಲ್ಪ ಬಿಚ್ಚಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಾ. ರವಿಕುಮಾರ ಹೊಸಮನಿ ಮತ್ತು ಧಾರವಾಡ ಐ.ಐ.ಟಿ.ಯ ಡಾ. ಸುಧೀರ್ ಸಿದ್ದಾಪುರೆಡ್ಡಿ, ಇವರಿಬ್ಬರು ಕೂಡಿ ಹೂಡಿದ ಪ್ರಯೋಗ ಅದು. ಹೆಸರುಕಾಳು ಮತ್ತು ಮೆಂತೆಕಾಳು ನಿಲ್ದಾಣದಲ್ಲಿ ಮೊಳೆಯುತ್ತವೆಯೇ, ಮೊಳೆತರೆ ಅವುಗಳ ಸತ್ವ ನೆಲದ ಮೇಲಿನ ಮೊಳಕೆಯಷ್ಟೇ ಇರುತ್ತದೆಯೇ ಎಂಬುದು ಪ್ರಶ್ನೆ. ಶುಕ್ಲಾ ಅವರು ಗಾಜಿನ ತಟ್ಟೆಯಂಥ ಪುಟ್ಟ ಬಟ್ಟಲುಗಳಲ್ಲಿ ಮೊಳಕೆ ಬರಿಸಿ, ಚಿತ್ರ ತೆಗೆದು, ಶೀತಪೆಟ್ಟಿಗೆಯಲ್ಲಿ ಇಟ್ಟರು. ಮರಳಿ ತಂದ ಮೇಲೆ ಬೀಜಗಳನ್ನು ಹಲವು ಪೀಳಿಗೆಯವರೆಗೆ ಬೆಳೆಸಿ ಅವುಗಳ ವಂಶಗುಣದಲ್ಲಿ, ಅಂಟಿಕೊಂಡಿರುವ ಸೂಕ್ಷ್ಮಜೀವಿಗಳಲ್ಲಿ, ಪೋಷಕಾಂಶಗಳಲ್ಲಿ ಏನಾದರೂ ಬದಲಾಗಿದೆಯೇ ನೋಡಬೇಕು ಎಂದು ಯಾನಕ್ಕೆ ಮೊದಲೇ ಪ್ರಕಟಿಸಿದ್ದರು.

ಕಾಳು ಮೊಳೆಸುವುದರಲ್ಲಿ ಏನು ಮಹಾ ವಿಜ್ಞಾನ ಎಂದು ನಮ್ಮ ಕಡೆಯ ಹೆಣ್ಣುಮಕ್ಕಳು ನಕ್ಕಾರು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಅರಿವೆಯಲ್ಲಿ ಗಂಟು ಕಟ್ಟಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮರುದಿನ ಬಾಲ ಬಂದಿರುತ್ತದೆ. ಹೆಸರುಕಾಳಿನ ಪಲ್ಯ, ಹಸಿ ಮೆಂತೆಸೊಪ್ಪಿನ ಪಚಡಿ, ಎರಡು ಜೋಳದ ರೊಟ್ಟಿ ಎಂದರೆ ನಮ್ಮಲ್ಲಿ ಊಟದ ಮಾತು ಮುಗಿಯಿತು. ಆದರೆ ನಾವು ಗಂಟು ಕಟ್ಟುವಾಗ ಗೊತ್ತಿಲ್ಲದೆಯೇ ಒಂದು ಸಹಾಯ ಪಡೆಯುತ್ತಿರುತ್ತೇವೆ: ನೆಲದ ಎಳೆತ. ನಾನು ಬಿ.ಎ. ಓದಿದವಳು, ನಮ್ಮ ಶಾಲೆಯ ವಿಜ್ಞಾನದ ಸರ್ ಕೂಡಿಸಿಕೊಂಡು ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿರುತ್ತವೆ. ಜರಡಿಯಲ್ಲಿ ಕಲ್ಲು ತಳಕ್ಕೆ ಕೂಡುವಂತೆ ಅವು ಕೋಶದ ತಳಕ್ಕೆ ಕೂಡುತ್ತವೆ. ಅದರಿಂದ ಬೇರಿಗೆ ಕೆಳಗು ಯಾವ ಕಡೆ ಎಂದು ತಿಳಿಯುತ್ತದೆ. ಕಾಳನ್ನು ಹೇಗೆ ತಲೆಕೆಳಗು ಊರಿದರೂ ಬೇರು ಮಣ್ಣಿನ ಕಡೆಗೇ ತಿರುಗುವುದು ಅದಕ್ಕೆ. ನಿಲ್ದಾಣದಲ್ಲಿ ಆ ಕಣಗಳಿಗೆ ತಳವೇ ಇಲ್ಲ. ನೀರಿಗೂ ಇಲ್ಲ, ಅದು ಬಸಿದು ಹೋಗದೆ ಗುಂಡಾಗಿ ಕಾಳಿಗೆ ಅಂಟಿ ಕೂಡುತ್ತದೆ. ಬಿಸಿ ಗಾಳಿ ಮೇಲೆ, ತಂಪು ಗಾಳಿ ಕೆಳಗೆ ಎಂಬುದು ಇಲ್ಲದ್ದರಿಂದ ಗಾಳಿಯೂ ತಾನಾಗಿ ಆಡುವುದಿಲ್ಲ, ಮೊಳಕೆಗೆ ಉಸಿರು ಕಟ್ಟಬಹುದು. ಇಷ್ಟೆಲ್ಲ ಇದ್ದೂ ಕಾಳು ಮೊಳೆಯಿತು. ಜುಲೈ ಎರಡನೆಯ ವಾರ ಅದರ ಚಿತ್ರಗಳು ಬಂದವು.

ಇದು ಯಾರಿಗೆ ಬೇಕು ಎಂದರೆ ತಿಂಗಳುಗಟ್ಟಲೆ, ಮುಂದೆ ವರ್ಷಗಟ್ಟಲೆ, ಪೊಟ್ಟಣದ ಊಟದ ಮೇಲೆ ಬದುಕಬೇಕಾದವರಿಗೆ. ಡಬ್ಬಿಯ ಅಡುಗೆ ಹಳೆಯದಾದಂತೆ ಅದರ ಜೀವಸತ್ವಗಳು ಕುಂದುತ್ತವೆ. ಮೊಳಕೆಗೆ ಮಣ್ಣು ಬೇಡ, ಹಲವು ದಿನ ಬೇಡ, ಕೊಡ ಕೊಡ ನೀರು ಬೇಡ. ನಮ್ಮ ಅಜ್ಜಿಯರ ಅರಿವೆಯ ಗಂಟು ಅಲ್ಲಿ ಔಷಧಿಯಾದೀತು. ಏಳು ಪ್ರಯೋಗಗಳಲ್ಲಿ ನಾಲ್ಕು ನಮ್ಮ ರಾಜ್ಯದ ಸಂಸ್ಥೆಗಳವು; ನೀರುಕರಡಿ ಎಂಬ ಕಣ್ಣಿಗೆ ಕಾಣದ ಜೀವಿಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹೂಡಿದ್ದೂ ಒಂದು. ಆದರೆ ಧಾರವಾಡದ್ದು ನನ್ನ ಮನಸ್ಸಿಗೆ ಹತ್ತಿರ. ಇಂಡಿಯ ಕೃಷಿ ವಿಜ್ಞಾನ ಕೇಂದ್ರ ಅದೇ ವಿಶ್ವವಿದ್ಯಾಲಯದ್ದು. ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮಿನ ಕೃಷಿ ಕಾಲೇಜೂ ಅದರದೇ. ನಮ್ಮ ಮಕ್ಕಳ ಅಪ್ಪಂದಿರು ಬೀಜ ಕೇಳಲು ಹೋಗುವ ಮನೆಯಿಂದಲೇ ಒಂದು ಹಿಡಿ ಬೀಜ ನಾನೂರು ಕಿಲೋಮೀಟರ್ ಎತ್ತರಕ್ಕೆ ಹೋಗಿ ಬಂತು ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು?

ಇದನ್ನು ಹೇಳದ್ದರಿಂದ ಏನಾಯಿತು ಎಂಬುದು ನನಗೆ ತರಗತಿಯಲ್ಲಿ ತಿಳಿಯಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ಅಲ್ಲಿಗಿ ಹೋಗಾಕ ರೊಕ್ಕ ಎಷ್ಟ್ ಬೇಕಾಗ್ತಾವ್ರಿ?" ಯಾರೂ ನಗಲಿಲ್ಲ. ಎಲ್ಲರಿಗೂ ಅದೇ ಬೇಕಾಗಿತ್ತು. 1984ರಲ್ಲಿ ನಾವು ಇವರ ವಯಸ್ಸಿನವರು. ಆಗ ನಮ್ಮ ಮಾಸ್ತರರನ್ನು ನಾವು ಕೇಳಿದ್ದು, ಅಲ್ಲಿಗೆ ಹೋಗಲು ಏನು ಓದಬೇಕ್ರಿ ಎಂದು. ಓದಿ ಹೋದವರು ನಮ್ಮೊಳಗೆ ಯಾರೂ ಇಲ್ಲ, ಅದು ಬೇರೆ. ಆದರೆ ಕೇಳುವ ಪ್ರಶ್ನೆಯೇ ಬದಲಾದದ್ದು ನನ್ನ ಎದೆಯಲ್ಲಿ ಮುಳ್ಳಾಡಿಸಿತು. ಹುಡುಗಿಯ ತಪ್ಪಲ್ಲ. ಟಿಕೇಟು, ಕಂಪನಿ, ಕೋಟಿ ಎಂದು ಒಂದು ತಿಂಗಳು ಕಿವಿಗೆ ಬಿದ್ದದ್ದನ್ನೇ ಅವಳು ಮರಳಿ ಕೊಟ್ಟಳು.

"ಸರಕಾರ ಕೊಟ್ಟದ್ದು ಸುಮಾರು 550 ಕೋಟಿ ಅಂತ ಪೇಪರಿನ್ಯಾಗ ಬಂದದವ್ವಾ" ಎಂದೆ. ಬೋರ್ಡಿನ ಮೇಲೆ ಭಾಗಾಕಾರ ಮಾಡಿಸಿದೆ. ದೇಶದ ಜನ 140 ಕೋಟಿ ಎಂದು ಹಿಡಿದರೆ ತಲೆಗೆ ನಾಲ್ಕು ರೂಪಾಯಿಗೆ ತುಸು ಕಡಿಮೆ. ಬೇಸಗೆಯಲ್ಲಿ ನಮ್ಮೂರ ಸಂತೆಯಲ್ಲಿ ಒಂದು ಲಿಂಬೆಹಣ್ಣು ಆ ದರಕ್ಕೆ ಸಿಕ್ಕರೆ ಪುಣ್ಯ. ಇನ್ನೊಂದು ಲೆಕ್ಕ: ನಮ್ಮದೇ ನೌಕೆಯಲ್ಲಿ ನಮ್ಮವರನ್ನು ಕಳಿಸುವ ಗಗನಯಾನ ಯೋಜನೆಗೆ 2024ರಲ್ಲಿ ಕೇಂದ್ರ ಮಂಜೂರು ಮಾಡಿದ ಒಟ್ಟು ಮೊತ್ತ 20,193 ಕೋಟಿ. ಅದರ ಮುಂದೆ ಇದು ನೂರಕ್ಕೆ ಮೂರು ರೂಪಾಯಿಯೂ ಅಲ್ಲ. ಗಗನಯಾನಕ್ಕೆ ಹೋಗುವವರಲ್ಲಿ ಒಬ್ಬರು ಮೊದಲೇ ಹೋಗಿ ಬಂದು, ನೌಕೆ ಕೂಡಿಸುವುದು, ಅಲ್ಲಿ ಉಣ್ಣುವುದು, ಮಲಗುವುದು, ಮರಳಿ ಬಂದು ನೆಲದ ಮೇಲೆ ನಡೆಯುವುದು ಹೇಗೆಂದು ಅನುಭವ ತಂದರೆ ಅದಕ್ಕೊಂದು ಬೆಲೆ ಉಂಟು. ಹಾಗಾಗಿ ಶಾಲೆಗೆ ಕೊಠಡಿ ಇಲ್ಲ, ಆಕಾಶಕ್ಕೇಕೆ ರೊಕ್ಕ ಎಂಬ ಹಳೆಯ ವಾದದ ಗುಂಪಿಗೆ ನನ್ನನ್ನು ಸೇರಿಸಬೇಡಿ. ಕೊಠಡಿಯೂ ಬೇಕು, ಆಕಾಶವೂ ಬೇಕು. ಆ ನಾಲ್ಕು ರೂಪಾಯಿಗೆ ಏನು ಬಂತು ಎಂದು ಮಾತ್ರ ಕನ್ನಡದಲ್ಲಿ ಹೇಳಿ ಎನ್ನುತ್ತೇನೆ.

ಹೇಳುವಾಗ ಸರಿಯಾಗಿ ಹೇಳಿ ಎಂಬುದನ್ನೂ ಸೇರಿಸಬೇಕು. 'ಗುರುತ್ವಾಕರ್ಷಣೆಯೇ ಇಲ್ಲದ ಬಾಹ್ಯಾಕಾಶದಲ್ಲಿ' ಎಂದು ಎಷ್ಟು ಸಲ ಓದಿದೆನೋ. ನಿಲ್ದಾಣವಿರುವ ಎತ್ತರದಲ್ಲಿ ಭೂಮಿಯ ಎಳೆತ ಇಲ್ಲಿನದರ ನೂರಕ್ಕೆ ತೊಂಬತ್ತರಷ್ಟು ಇದ್ದೇ ಇರುತ್ತದೆ. ಎಳೆತವೇ ಇಲ್ಲದಿದ್ದರೆ ನಿಲ್ದಾಣ ಭೂಮಿಯ ಸುತ್ತ ತಿರುಗುವ ಬದಲು ನೆಟ್ಟಗೆ ಹೋಗಿಬಿಡುತ್ತಿತ್ತು. ಅದು ಗಂಟೆಗೆ 28,000 ಕಿಲೋಮೀಟರ್ ಓಡುತ್ತಾ, ಬೀಳುತ್ತಾ, ಬಿದ್ದಷ್ಟೂ ಭೂಮಿ ಬಾಗಿರುವುದರಿಂದ ನೆಲ ಮುಟ್ಟದೆ, ತೊಂಬತ್ತು ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಒಳಗಿನವರೂ ಜೊತೆಯಲ್ಲೇ ಬೀಳುತ್ತಿರುವುದರಿಂದ ತೂಕ ಅನ್ನಿಸುವುದಿಲ್ಲ. ಬಾವಿಯ ಹಗ್ಗ ಹರಿದಾಗ ಕೊಡವೂ ಅದರೊಳಗಿನ ನೀರೂ ಕೂಡಿಯೇ ಬೀಳುತ್ತವಲ್ಲ, ಹಾಗೆ. ಇದನ್ನು ಹುಡುಗರಿಗೆ ಹೇಳಿದಾಗ ಅವರ ಕಣ್ಣು ಅರಳುವುದನ್ನು ನೋಡಬೇಕು. ಹಲ್ವಾದ ಸುದ್ದಿಗೆ ಅಷ್ಟು ಅರಳಲಿಲ್ಲ.

ನಮ್ಮ ಸುದ್ದಿಗಾರರು ಕಾಣದೆ ಬಿಟ್ಟ ಇನ್ನೊಬ್ಬರು ಆ ನೌಕೆಯ ನಾಯಕಿ. ಪೆಗ್ಗಿ ವಿಟ್ಸನ್, ಅಯೋವಾ ಎಂಬ ರಾಜ್ಯದ ಒಕ್ಕಲಿಗರ ಮಗಳು. ಆಗ ಅರವತ್ತೈದು ವಯಸ್ಸು. ನಾಸಾದಿಂದ 2018ರಲ್ಲಿ ನಿವೃತ್ತಿಯಾಗಿ ಆಕ್ಸಿಯಮ್ ಸೇರಿದವರು. ಈ ಯಾನ ಮುಗಿಯುವ ಹೊತ್ತಿಗೆ ಅವರು ಭೂಮಿಯ ಹೊರಗೆ ಕಳೆದದ್ದು ಒಟ್ಟು 695 ದಿನ. ಅಮೆರಿಕದ ಗಂಡಸರಲ್ಲೂ ಹೆಂಗಸರಲ್ಲೂ ಅಷ್ಟು ದಿನ ಇದ್ದವರು ಬೇರೊಬ್ಬರಿಲ್ಲ. ಅರವತ್ತಕ್ಕೆ ಹಾರ ಹಾಕಿಸಿಕೊಂಡು ಇನ್ನು ಮೊಮ್ಮಕ್ಕಳನ್ನು ನೋಡಿಕೊಂಡಿರಿ ಎನಿಸಿಕೊಳ್ಳುವ ನಮ್ಮಂಥ ಬಾಯಿಯವರಿಗೆ ಇಂಥವರ ಒಂದು ಫೋಟೋ ತೋರಿಸಬಾರದೇ? ಶಾಲೆಯಲ್ಲಿ ಹಚ್ಚಲು ನಾನೇ ಹುಡುಕಿ ಪ್ರಿಂಟು ತೆಗೆಸಬೇಕಾಯಿತು.

ಖಾಸಗಿಯವರ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. 2021ರ ಸೆಪ್ಟೆಂಬರಿನಲ್ಲಿ ಜೇರೆಡ್ ಐಸಾಕ್‌ಮನ್ ಎಂಬ ಸಾಹುಕಾರ ತನ್ನ ರೊಕ್ಕದಲ್ಲಿ ನೌಕೆ ಹಿಡಿದು ಮೂರು ದಿನ ಭೂಮಿ ಸುತ್ತಿದಾಗ ಜೊತೆಗೆ ಹೋದ ಮೂವರಲ್ಲಿ ಒಬ್ಬರು ಸಿಯಾನ್ ಪ್ರಾಕ್ಟರ್, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವರು. ಹೆಚ್ಚುಕಡಿಮೆ ನನ್ನ ಓರಗೆಯವರು. 2009ರಲ್ಲಿ ನಾಸಾದ ಆಯ್ಕೆಯಲ್ಲಿ ಕೊನೆಯ ಸುತ್ತಿನವರೆಗೆ ಹೋಗಿ ಬಿಟ್ಟುಹೋದವರು, ಐವತ್ತೊಂದನೆಯ ವಯಸ್ಸಿಗೆ ಒಂದು ಸ್ಪರ್ಧೆ ಗೆದ್ದು ಏರಿದರು. ಸರಕಾರದ ಬಾಗಿಲು ಮುಚ್ಚಿದ ಮೇಲೆ ಸಾಹುಕಾರನ ಬಾಗಿಲು ತೆರೆಯಿತು. ಆದರೆ ಸಾಹುಕಾರನ ಬಾಗಿಲು ಅವನ ಮರ್ಜಿಯಿದ್ದಾಗ ತೆರೆಯುತ್ತದೆ. ಅದರ ಮೇಲೆ ನಮ್ಮ ಹುಡುಗಿಗೆ ಹಕ್ಕಿಲ್ಲ. ಸರಕಾರ ಕೊಂಡ ಸೀಟಿನ ಮೇಲೆ ಇದೆ.

ಕೊಳ್ಳುವವನ ಹಕ್ಕಿನ ಮಾತಿಗೆ ಬರುತ್ತೇನೆ ಎಂದಿದ್ದೆ. ಮೇ 29ಕ್ಕೆ ಹೊರಡಬೇಕಿದ್ದ ಯಾನ ಮುಂದೆ ಮುಂದೆ ಹೋಗಿ ಜೂನ್ 11ಕ್ಕೆ ನಿಂತಿತ್ತು. ಆಗ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುತ್ತಿರುವುದು ಕಂಡಿತು. ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಅವರು ಆಮೇಲೆ ಬಹಿರಂಗವಾಗಿ ಹೇಳಿದ್ದು: ಅಲ್ಲಿದ್ದ ನಮ್ಮ ತಂಡ ಪೂರ್ತಿ ರಿಪೇರಿ ಆಗಲೇಬೇಕೆಂದು ಹಟ ಹಿಡಿಯಿತು, ಪೈಪಿನಲ್ಲಿ ಬಿರುಕು ಸಿಕ್ಕಿತು, ಅದನ್ನು ಸರಿಪಡಿಸಿದ ಮೇಲೆಯೇ ಒಪ್ಪಿಗೆ ಕೊಟ್ಟೆವು. ಇಡೀ ಯಾನದಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ಅನ್ನಿಸಿದ ಗಳಿಗೆ ಅದು. ರಾಕೆಟ್ಟು ಅವರದು, ನೆಲ ಅವರದು, ಹೆಸರು ಅವರದು. ಆದರೂ ಗಿರಾಕಿ ಬಗ್ಗಿ ನೋಡಿ ಇದು ನಡೆಯುವುದಿಲ್ಲ ಎಂದ. ಹಾಗೆ ನೋಡುವ ಕಣ್ಣು ರೊಕ್ಕಕ್ಕೆ ಬರುವುದಲ್ಲ. ನಲವತ್ತು ವರ್ಷ ತಾವೇ ರಾಕೆಟ್ ಕಟ್ಟಿ, ಕೆಡವಿಕೊಂಡು, ಮತ್ತೆ ಕಟ್ಟಿದ್ದರಿಂದ ಬಂದದ್ದು. ವಿಳಂಬವಾಯಿತು ಎಂದು ಗೊಣಗಿದ ವಾಹಿನಿಗಳು ಇದನ್ನು ಒಂದು ದಿನದಲ್ಲಿ ಮುಗಿಸಿದವು.

ಇಂಥ ಕೊಳ್ಳಿಕೆ ಇಲ್ಲಿಗೆ ನಿಲ್ಲುವುದಿಲ್ಲ. ಈಗಿನ ನಿಲ್ದಾಣವನ್ನು 2030ರ ನಂತರ ಕೆಳಗಿಳಿಸುವ ಏರ್ಪಾಟು ನಡೆದಿದೆ. ಅಮೆರಿಕದವರು ಆಮೇಲೆ ಖಾಸಗಿಯವರ ನಿಲ್ದಾಣಗಳಲ್ಲೇ ಜಾಗ ಬಾಡಿಗೆ ಹಿಡಿಯುವ ಯೋಚನೆಯಲ್ಲಿದ್ದಾರೆ. ನಮ್ಮ ಸ್ವಂತದ್ದಕ್ಕೆ ಇಸ್ರೋ ಇಟ್ಟುಕೊಂಡ ಗುರಿ 2035. ನಡುವೆ ಮತ್ತೆ ಸೀಟು ಬೇಕಾದೀತು, ಮತ್ತೆ ಅಡತಿ ಅಂಗಡಿಯ ಮೆಟ್ಟಿಲು ಹತ್ತಬೇಕಾದೀತು.

ಧಾರವಾಡದವರು ತಮ್ಮ ಮೊಳಕೆಯ ಫಲಿತಾಂಶವನ್ನು ಕನ್ನಡದಲ್ಲೂ ಬರೆಯಲಿ ಎಂದು ನನ್ನ ಆಸೆ. ಕೃಷಿ ಮೇಳದಲ್ಲಿ ಹಂಚುವ ಎರಡು ಪುಟದ ಕರಪತ್ರವಾದರೂ ಸಾಕು. ನಮ್ಮ ಎಂಟನೆಯ ತರಗತಿಯವರು ಅಷ್ಟರೊಳಗೆ ಪ್ರಶ್ನೆ ಬರೆದು ಇಟ್ಟಿದ್ದಾರೆ. ಬೇರು ಯಾವ ಕಡೆ ತಿರುಗಿತು? ಮೊಳಕೆ ಉದ್ದ ಎಷ್ಟು? ಹೆಸರು ಚಲೋ ಬಂತೋ, ಮೆಂತೆಯೋ? ಆ ಬೀಜ ಬಿತ್ತಿದರೆ ನಮ್ಮ ಎರೆ ಹೊಲದಲ್ಲಿ ಬಂದೀತೇ? ಕೊನೆಯ ಬೆಂಚಿನ ಹುಡುಗನೊಬ್ಬ ತಡವಾಗಿ ಬಂದು ತನ್ನದೂ ಒಂದು ಸೇರಿಸಿದ್ದಾನೆ: "ಅದರ ಪಲ್ಯ ಮಾಡಿದ್ರ ಕಹಿ ಕಮ್ಮಿ ಇರ್ತದೇನ್ರಿ?"